ಡಿವಿಜನ್ ಅಂದ್ರೆ ಯಾವ ಡಿವಿಜನ್? ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕನ್ನಡ ಮೀಡಿಯಂ ಶಾಲೆಯಲ್ಲಿ ಟೀಚರಾಗಿದ್ದವಳು. ಈಗ ನಿವೃತ್ತಿಯಾಗಿದೆ. ಮನೆ ಬದಿಯಡ್ಕ ಕಡೆ. ಅರ್ಜಿ ತುಂಬಿಸಲು, ಕಾಗದ ಓದಿಸಲು ಊರಿನವರು ನಮ್ಮ ಜಗಲಿಗೆ ಬರುತ್ತಾರೆ. ಹಾಗೆ ಬಂದವರು ಅತಿ ಹೆಚ್ಚು ಸಲ ಬೆರಳಿಟ್ಟು ಕೇಳಿದ ಒಂದು ಪದ ಇದ್ದರೆ ಅದು ‘ಡಿವಿಜನ್’. ಶಾಲೆಯಲ್ಲಿ ಡಿವಿಜನ್, ಓಟಿನಲ್ಲಿ ಡಿವಿಜನ್, ರೈಲಿನಲ್ಲಿ, ಕೋರ್ಟಿನಲ್ಲಿ, ಕರೆಂಟ್ ಆಫೀಸಿನಲ್ಲಿ, ಲೆಕ್ಕದ ಪುಸ್ತಕದಲ್ಲಿ. ಎಲ್ಲ ಕಡೆ ಅದೇ ಪದ, ಅರ್ಥ ಮಾತ್ರ ಬೇರೆ ಬೇರೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಒಂದು ಪದ ಗೊತ್ತಿಲ್ಲದಿದ್ದರೆ ಏನಾಗುತ್ತದೆ? ಇಷ್ಟು ಬರೆಯುವ ಅಗತ್ಯ ಇದೆಯಾ?

ಇದೆ. ನೆರೆಮನೆಯ ಅಣ್ಣನಿಗೆ ಆದದ್ದನ್ನು ಹೇಳುತ್ತೇನೆ. ಅವರು ತೋಟದ ಪಂಪ್‌ಸೆಟ್ಟಿನ ಸಹಾಯಧನಕ್ಕೆ ಅರ್ಜಿ ಹಾಕಿದ್ದರು. ಅದರಲ್ಲಿ ಪಂಚಾಯತು, ವಾರ್ಡ್, ಡಿವಿಜನ್ ಅಂತ ಸಾಲಾಗಿ ಮೂರು ಚೌಕ. ಮೊದಲಿನ ಎರಡನ್ನು ಸರಿಯಾಗಿ ತುಂಬಿಸಿದ್ದರು. ಮೂರನೆಯದರಲ್ಲಿ ಮಗಳ ಕ್ಲಾಸ್ ನೆನಪಾಗಿ ‘7 ಬಿ’ ಅಂತ ಬರೆದುಬಿಟ್ಟರು. ಅವರ ತಪ್ಪಲ್ಲ, ಅವರ ಬದುಕಿನಲ್ಲಿ ಆ ಪದ ಬಂದದ್ದೇ ಮಗಳ ಶಾಲೆಯ ಕಾಗದದಲ್ಲಿ. ಕೇಳಿದ್ದು ಜಿಲ್ಲಾ ಪಂಚಾಯತಿನ ಡಿವಿಜನ್. ಅರ್ಜಿ ಕೆಂಪು ಶಾಯಿಯ ಗೀಟಿನೊಂದಿಗೆ ವಾಪಸ್ ಬಂತು, ಅಷ್ಟರಲ್ಲಿ ಕೊನೆಯ ದಿನಾಂಕ ದಾಟಿ ಹೋಗಿತ್ತು. ಆ ಕಾಗದವನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು ಅವರು ಸುಮ್ನೆ ಕೂತದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಸರಿ, ಆ ಪದದ ಮೂಲ ಅರ್ಥ ಏನು?

ಇಡೀ ಒಂದನ್ನು ಭಾಗ ಮಾಡುವುದು. ಹಾಗೆ ಮಾಡಿದಾಗ ಸಿಗುವ ತುಂಡಿಗೂ ಅದೇ ಹೆಸರು. ಲ್ಯಾಟಿನ್ ಭಾಷೆಯಿಂದ ಇಂಗ್ಲಿಷಿಗೆ ಹೋದ ಪದ ಅದು. ಗೊಂದಲ ಹುಟ್ಟುವುದು ಇಲ್ಲೇ. ಮಾಡುವ ಕೆಲಸಕ್ಕೂ ಸಿಗುವ ತುಂಡಿಗೂ ಇಂಗ್ಲಿಷಿನಲ್ಲಿ ಒಂದೇ ಪದ. ಕನ್ನಡದಲ್ಲಿ ಹಾಗಲ್ಲ. ಮಾಡುವುದು ವಿಭಜನೆ, ಸಿಕ್ಕಿದ್ದು ವಿಭಾಗ. ಹಂಚುವುದು ಬೇರೆ, ಪಾಲು ಬೇರೆ. ಹಾಗಾಗಿ ಎಲ್ಲೇ ಈ ಪದ ಕಂಡರೂ ಮೊದಲು ಕೇಳಬೇಕಾದ್ದು: ಯಾರು ಏನನ್ನು ಭಾಗ ಮಾಡಿದ್ದಾರೆ? ಅದಕ್ಕೆ ಉತ್ತರ ಸಿಕ್ಕಿದರೆ ಅರ್ಧ ಕೆಲಸ ಮುಗಿಯಿತು.

ಶಾಲೆಯ ಅರ್ಜಿಯಲ್ಲಿ ಡಿವಿಜನ್ ಅಂದರೆ?

ಒಂದೇ ತರಗತಿಯ ಮಕ್ಕಳನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿದಾಗ ಪ್ರತಿ ಕೋಣೆಯ ಗುಂಪೂ ಒಂದು ಡಿವಿಜನ್. ಕರ್ನಾಟಕದಲ್ಲಿ ಇದನ್ನೇ ‘ಸೆಕ್ಷನ್’ ಅನ್ನುತ್ತಾರೆ. ಮಂಗಳೂರಿನ ಶಾಲೆಗೆ ಮಗುವನ್ನು ಸೇರಿಸುವಾಗ ಅಲ್ಲಿ ಸೆಕ್ಷನ್ ಕೇಳಿದರೆ ಗಾಬರಿ ಬೇಡ, ಎರಡೂ ಒಂದೇ.

ನಮ್ಮಲ್ಲಿ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಕಾಸರಗೋಡಿನ ಎಷ್ಟೋ ಶಾಲೆಗಳಲ್ಲಿ ಮಲಯಾಳ ಮೀಡಿಯಂ, ಕನ್ನಡ ಮೀಡಿಯಂ ಎರಡೂ ಒಂದೇ ಕಟ್ಟಡದಲ್ಲಿವೆ. ಎ, ಬಿ ಮಲಯಾಳ, ಸಿ ಕನ್ನಡ, ಹೀಗೆ ಇರುತ್ತದೆ. ಅದಕ್ಕೇ ನಮ್ಮಲ್ಲಿ ಜನ ‘ಕನ್ನಡ ಡಿವಿಜನ್’ ಅನ್ನುವುದು. ಇಲ್ಲಿ ಅಕ್ಷರ ಬರೀ ಕೋಣೆಯ ಗುರುತಲ್ಲ, ಮಗು ಯಾವ ಭಾಷೆಯಲ್ಲಿ ಕಲಿಯುತ್ತದೆ ಅನ್ನುವುದರ ಗುರುತೂ ಹೌದು. ದಾಖಲೆಯಲ್ಲಿ ಒಂದು ಅಕ್ಷರ ತಪ್ಪಿದರೆ ಮೀಡಿಯಂ ತಪ್ಪುತ್ತದೆ. ಟಿಸಿ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಓದಿ ನೋಡಿ.

‘ಡಿವಿಜನ್ ಹೋಯ್ತು’ ಅಂತ ಟೀಚರುಗಳು ಬೇಸರದಲ್ಲಿ ಹೇಳುತ್ತಾರಲ್ಲ, ಎಲ್ಲಿಗೆ ಹೋಗುವುದು?

ಜೂನಿನಲ್ಲಿ ಶಾಲೆ ತೆರೆದ ಮೇಲೆ ಆರನೇ ಕೆಲಸದ ದಿನ ಕೇರಳದ ಶಾಲೆಗಳಲ್ಲಿ ಮಕ್ಕಳ ಲೆಕ್ಕ ತೆಗೆಯುತ್ತಾರೆ. ಆ ದಿನ ಪಟ್ಟಿಯಲ್ಲಿ ಎಷ್ಟು ಮಕ್ಕಳಿದ್ದಾರೆ ಅನ್ನುವುದರ ಮೇಲೆ ಎಷ್ಟು ಡಿವಿಜನ್, ಎಷ್ಟು ಟೀಚರ್ ಅಂತ ತೀರ್ಮಾನ. 2009ರ ಶಿಕ್ಷಣ ಹಕ್ಕು ಕಾನೂನಿನ ಪ್ರಕಾರ ಒಂದರಿಂದ ಐದರ ತನಕ 30 ಮಕ್ಕಳಿಗೆ ಒಬ್ಬ ಟೀಚರ್, ಆರರಿಂದ ಎಂಟರ ತನಕ 35 ಮಕ್ಕಳಿಗೆ ಒಬ್ಬರು. ಎಲ್‌ಪಿ, ಅಂದರೆ ಕಿರಿಯ ಪ್ರಾಥಮಿಕ ಶಾಲೆಯ ಒಂದು ತರಗತಿಯಲ್ಲಿ 31 ಮಕ್ಕಳಿದ್ದರೆ ಎರಡು ಡಿವಿಜನ್ ಆಗುತ್ತದೆ, 30 ಆದರೆ ಒಂದೇ.

ಆ ಒಂದು ಮಗು ಅಂದರೆ ಏನು ಅಂತ ನನಗೆ ಚೆನ್ನಾಗಿ ಗೊತ್ತು. ಒಂದು ವರ್ಷ ಮೂರನೇ ಕ್ಲಾಸಿನ ಕನ್ನಡದಲ್ಲಿ 31 ಮಕ್ಕಳಿದ್ದರು. ಲೆಕ್ಕದ ದಿನಕ್ಕೆ ಎರಡು ದಿನ ಮೊದಲು ಒಬ್ಬಳ ಮನೆಯವರು ಕೆಲಸಕ್ಕೆಂದು ಬೇರೆ ಊರಿಗೆ ಹೋದರು, ಅವಳನ್ನೂ ಕರೆದುಕೊಂಡು. ಬೋರ್ಡಿನ ಮೂಲೆಯಲ್ಲಿ ನಾನು ದಿನಾ ಬರೆಯುತ್ತಿದ್ದ ‘ಒಟ್ಟು 31’ ಅನ್ನುವುದನ್ನು ಅಳಿಸಿ 30 ಮಾಡಿದೆ. ಆಮೇಲೆ ಆದದ್ದು ಇಷ್ಟು. ಬೆಂಚುಗಳನ್ನು ಪಕ್ಕದ ಕೋಣೆಗೆ ಎಳೆದರು. ಬಾಗಿಲ ಮೇಲಿದ್ದ ‘3 ಡಿ’ ಅನ್ನುವ ಸಣ್ಣ ಹಲಗೆಯನ್ನು ಬಿಚ್ಚಿ ಕಪಾಟಿನೊಳಗೆ ಇಟ್ಟರು. ನನ್ನ ಜೊತೆ ಆರು ವರ್ಷ ಕಲಿಸಿದ ಟೀಚರ್ ಬೇರೆ ಶಾಲೆಗೆ ಹೋದರು. ‘ಡಿವಿಜನ್ ಹೋಯ್ತು’ ಅಂದರೆ ಇದು. ಈ ಪುಟದಲ್ಲಿರುವ ಎಲ್ಲ ಅರ್ಥಗಳಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು, ನೋವು ಕೊಟ್ಟದ್ದು ಇದೇ.

ಓಟಿನ ಸಮಯದಲ್ಲಿ ವಾರ್ಡ್ ಅಂತಲೂ ಡಿವಿಜನ್ ಅಂತಲೂ ಹೇಳುತ್ತಾರೆ. ನಾನು ಯಾವುದರಲ್ಲಿದ್ದೇನೆ?

ಎರಡರಲ್ಲೂ. ಕೇರಳದ ಹಳ್ಳಿಗಳಲ್ಲಿ ಪಂಚಾಯತು ಮೂರು ಹಂತದ್ದು: ಗ್ರಾಮ, ಬ್ಲಾಕ್, ಜಿಲ್ಲೆ. ಗ್ರಾಮ ಪಂಚಾಯತಿನ ತುಂಡು ವಾರ್ಡ್. ಬ್ಲಾಕಿನ ತುಂಡೂ ಜಿಲ್ಲಾ ಪಂಚಾಯತಿನ ತುಂಡೂ ಡಿವಿಜನ್. ಹಾಗಾಗಿ ನಿಮಗೆ ಒಂದು ವಾರ್ಡ್, ಎರಡು ಡಿವಿಜನ್. ಮೂರು ಓಟು ಹಾಕುವುದು ಇದೇ ಕಾರಣಕ್ಕೆ. ಮತಪತ್ರದ ಬಣ್ಣ ನೆನಪಿದ್ದರೆ ಸುಲಭ: ಗ್ರಾಮಕ್ಕೆ ಬಿಳಿ, ಬ್ಲಾಕಿಗೆ ಗುಲಾಬಿ, ಜಿಲ್ಲೆಗೆ ತಿಳಿನೀಲಿ.

ಜಿಲ್ಲಾ ಪಂಚಾಯತಿನ ಡಿವಿಜನ್‌ಗೆ ಊರಿನ ಹೆಸರಿರುತ್ತದೆ, ಪುತ್ತಿಗೆ ಡಿವಿಜನ್, ವರ್ಕಾಡಿ ಡಿವಿಜನ್ ಅಂತ. ಇಲ್ಲಿ ಒಂದು ಎಚ್ಚರಿಕೆ. ಪುತ್ತಿಗೆ ಡಿವಿಜನ್ ಅಂದ ಮಾತ್ರಕ್ಕೆ ಪುತ್ತಿಗೆ ಪಂಚಾಯತಿನವರು ಮಾತ್ರ ಅಂತಲ್ಲ. ಡಿವಿಜನ್ ದೊಡ್ಡದು, ಅದರೊಳಗೆ ಅಕ್ಕಪಕ್ಕದ ಪಂಚಾಯತಿನ ವಾರ್ಡುಗಳೂ ಬರಬಹುದು. ಗಡಿಗಳು ಆಗಾಗ ಬದಲಾಗುತ್ತವೆ, ಆದ್ದರಿಂದ ಹಳೆಯ ನೆನಪಿನಿಂದ ಬರೆಯಬೇಡಿ. ಪಂಚಾಯತು ಆಫೀಸಿನಲ್ಲಿ ಒಮ್ಮೆ ಕೇಳಿ, ಬ್ಲಾಕ್ ಡಿವಿಜನ್ ಯಾವುದು, ಜಿಲ್ಲಾ ಡಿವಿಜನ್ ಯಾವುದು ಅಂತ ಬೇರೆ ಬೇರೆಯಾಗಿ ಬರೆದುಕೊಂಡು ರೇಶನ್ ಕಾರ್ಡಿನ ಜೊತೆ ಇಟ್ಟುಬಿಡಿ.

ನಗರಸಭೆಯವರಿಗೆ ಈ ತಲೆನೋವಿಲ್ಲ. ಕಾಸರಗೋಡು, ಕಾಞಂಗಾಡ್, ನೀಲೇಶ್ವರ ಈ ಮೂರೂ ನಗರಸಭೆಗಳಲ್ಲಿ ಇರುವುದು ವಾರ್ಡ್, ಓಟೂ ಒಂದೇ.

ರೆವೆನ್ಯೂ ಡಿವಿಜನ್ ಅಂದರೇನು? ಅದು ತಾಲೂಕಾ, ಜಿಲ್ಲೆಯಾ?

ಎರಡರ ನಡುವಿನದ್ದು. ಕಾಸರಗೋಡು ಜಿಲ್ಲೆ 1984ರ ಮೇ 24ರಂದು ಹುಟ್ಟಿತು. ಈಗ ಇದರಲ್ಲಿ ನಾಲ್ಕು ತಾಲೂಕು: ಮಂಜೇಶ್ವರ, ಕಾಸರಗೋಡು, ಹೊಸದುರ್ಗ, ವೆಳ್ಳರಿಕುಂಡು. ಮೊದಲಿನ ಎರಡು ಸೇರಿ ಕಾಸರಗೋಡು ರೆವೆನ್ಯೂ ಡಿವಿಜನ್, ಉಳಿದೆರಡು ಸೇರಿ ಕಾಞಂಗಾಡ್ ರೆವೆನ್ಯೂ ಡಿವಿಜನ್. ಒಂದೊಂದಕ್ಕೂ ಒಬ್ಬ ಆರ್‌ಡಿಒ, ಅಂದರೆ ರೆವೆನ್ಯೂ ಡಿವಿಜನಲ್ ಆಫೀಸರ್. ವಯಸ್ಸಾದ ತಂದೆ ತಾಯಿಯನ್ನು ಮಕ್ಕಳು ನೋಡಿಕೊಳ್ಳದಿದ್ದರೆ 2007ರ ಕಾನೂನಿನಂತೆ ದೂರು ಕೊಡುವುದು ಇಲ್ಲಿಗೇ. ಇದನ್ನು ಯಾಕೆ ಹೇಳಿದೆ ಅಂದರೆ, ಎಷ್ಟೋ ಅಜ್ಜಿಯಂದಿರಿಗೆ ಆ ಆಫೀಸಿನ ಹೆಸರೇ ಗೊತ್ತಿರುವುದಿಲ್ಲ.

ಕರ್ನಾಟಕದಲ್ಲಿ ಮೈಸೂರು ವಿಭಾಗ ಅನ್ನುತ್ತಾರಲ್ಲ, ಅದೂ ಇದೇನಾ?

ಅಲ್ಲ. ಎರಡೂ ಕಡೆ ಜಾಗ ಇರುವವರು, ಮಕ್ಕಳನ್ನು ಆಚೆ ಓದಲು ಕಳಿಸುವವರು ಇದನ್ನು ಗಮನವಿಟ್ಟು ಓದಿ. ಕೇರಳದಲ್ಲಿ ರೆವೆನ್ಯೂ ಡಿವಿಜನ್ ಜಿಲ್ಲೆಗಿಂತ ಸಣ್ಣದು, ಜಿಲ್ಲೆಯ ಒಳಗಿನ ತುಂಡು. ಕರ್ನಾಟಕದಲ್ಲಿ ವಿಭಾಗ ಜಿಲ್ಲೆಗಿಂತ ದೊಡ್ಡದು, ಹಲವು ಜಿಲ್ಲೆ ಸೇರಿದರೆ ಒಂದು ವಿಭಾಗ. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಅಂತ ನಾಲ್ಕೇ ಇವೆ. ದಕ್ಷಿಣ ಕನ್ನಡ ಇಡೀ ಜಿಲ್ಲೆ ಮೈಸೂರು ವಿಭಾಗದ ಒಳಗೆ ಬರುತ್ತದೆ.

ಹಾಗಾದರೆ ನಮ್ಮ ಆರ್‌ಡಿಒಗೆ ಸಮ ಆಗಿ ಅಲ್ಲಿ ಯಾರು? ಅಲ್ಲಿನ ಎಸಿ, ಅಂದರೆ ಸಹಾಯಕ ಕಮಿಷನರ್. ಅವರ ವ್ಯಾಪ್ತಿಗೆ ಅಲ್ಲಿ ‘ಉಪವಿಭಾಗ’ ಅನ್ನುತ್ತಾರೆ. ಪುತ್ತೂರು ಉಪವಿಭಾಗ, ಮಂಗಳೂರು ಉಪವಿಭಾಗ ಹಾಗೆ. ಆಚೆಯ ‘ಉಪವಿಭಾಗ’ವೇ ಈಚೆಯ ‘ಡಿವಿಜನ್’. ಪದ ನೋಡಿ ಹೊಂದಿಸಲು ಹೋದರೆ ತಪ್ಪುತ್ತದೆ, ಅಧಿಕಾರಿಯನ್ನು ನೋಡಿ ಹೊಂದಿಸಿದರೆ ಸರಿಯಾಗುತ್ತದೆ.

ಪೊಲೀಸ್, ಫಾರೆಸ್ಟ್, ಅಂಚೆ, ಕರೆಂಟ್ ಇವರೆಲ್ಲ ತಮ್ಮ ತಮ್ಮ ಅನುಕೂಲಕ್ಕೆ ಊರನ್ನು ಭಾಗ ಮಾಡಿಕೊಂಡಿದ್ದಾರೆ. ಒಬ್ಬರ ಗಡಿ ಇನ್ನೊಬ್ಬರ ಗಡಿಗೆ ಹೊಂದಬೇಕೆಂದೇನಿಲ್ಲ. ಕರೆಂಟಿನವರಲ್ಲಿ ಕೆಳಗಿನದ್ದು ಸೆಕ್ಷನ್, ಅದರ ಮೇಲೆ ಸಬ್ ಡಿವಿಜನ್, ಮೇಲೆ ಡಿವಿಜನ್, ಅದರ ಮೇಲೆ ಸರ್ಕಲ್. ಗಾಳಿಮಳೆಗೆ ವಯರು ತುಂಡಾದರೆ ನೀವು ಫೋನ್ ಮಾಡಬೇಕಾದ್ದು ಸೆಕ್ಷನ್ ಆಫೀಸಿಗೆ.

ಜಾಗದ ಕಾಗದದಲ್ಲಿ ‘ಸಬ್ ಡಿವಿಜನ್’ ಅಂತ ಇದೆ. ಅದು ಯಾವುದು?

ಅದು ಆಫೀಸಲ್ಲ, ನಂಬರ್. ಸರ್ವೆ ನಂಬರ್ 145 ಅಂತ ಇಟ್ಟುಕೊಳ್ಳಿ. ಅದರೊಳಗೆ ಮೂರನೇ ತುಂಡು 145/3. ಓರೆಗೆರೆಯ ನಂತರ ಬರುವುದೇ ಸಬ್ ಡಿವಿಜನ್. 145/3ರ ಒಳಗೆ ಅಳತೆ ಮಾಡಿ ಹೊಸ ನಂಬರ್ ಕೊಡದೆ ಒಂದು ಭಾಗ ಮಾತ್ರ ಮಾರಿದ್ದರೆ ಕೊನೆಗೆ ‘ಪಿಟಿ’ ಅಂತ ಸೇರಿಸಿರುತ್ತಾರೆ. ಪಿಟಿ ಅಂದರೆ ಪಾರ್ಟ್, ಅದರಲ್ಲೊಂದು ಭಾಗ ಅಂತ. ಅಣ್ಣ ತಮ್ಮಂದಿರು ಮೂರು ಜನರ ಕಾಗದದಲ್ಲೂ ‘145/3 ಪಿಟಿ’ ಅಂತಲೇ ಇದ್ದರೆ, ನಂಬರ್ ನೋಡಿ ಯಾರ ಜಾಗ ಎಲ್ಲಿ ಅಂತ ಹೇಳಲು ಆಗುವುದಿಲ್ಲ. ಆಗ ಆಧಾರದಲ್ಲಿ, ಅಂದರೆ ಜಾಗದ ನೋಂದಣಿ ಪತ್ರದಲ್ಲಿ, ಬರೆದ ನಾಲ್ಕು ದಿಕ್ಕಿನ ಗಡಿಯೇ ಗತಿ. ನನ್ನ ಮಾತು ಕೇಳುವುದಾದರೆ, ಕೈಯಲ್ಲಿ ಸ್ವಲ್ಪ ದುಡ್ಡಿರುವಾಗಲೇ ಅಳತೆ ಮಾಡಿಸಿ ನಂಬರ್ ಬೇರೆ ಮಾಡಿಸಿಕೊಳ್ಳಿ.

ಕರ್ನಾಟಕದವರು ಇದನ್ನು ‘ಪೋಡಿ’ ಅನ್ನುತ್ತಾರೆ. ಆಚೆಯಿಂದ ಮದುವೆಯಾಗಿ ಬಂದವರಿಗೆ ಹೀಗೆ ಹೇಳಿದರೆ ತಟ್ಟನೆ ಗೊತ್ತಾಗುತ್ತದೆ. ಅಳತೆ ಓದಲು ಒಂದು ಲೆಕ್ಕ ನೆನಪಿಟ್ಟುಕೊಳ್ಳಿ: ಎಕರೆಗೆ 100 ಸೆಂಟ್ಸ್, ಒಂದು ಆರ್ ಅಂದರೆ ಸುಮಾರು 2.47 ಸೆಂಟ್ಸ್.

ಮನೆಯ ಪಾಲು ಮಾಡುವುದಕ್ಕೂ ಡಿವಿಜನ್ ಅನ್ನಬಹುದಾ?

ಇಂಗ್ಲಿಷಿನಲ್ಲಿ ಅದಕ್ಕೆ ಪಾರ್ಟಿಶನ್ ಅನ್ನುವ ಬೇರೆ ಪದ ಇದೆ. ನಮಗೆ ‘ಪಾಲು’ ಇರುವಾಗ ಎರಡೂ ಬೇಕಾಗಿಲ್ಲ. ಕಾಗದಕ್ಕೆ ವಿಭಾಗಪತ್ರ ಅಂತಲೋ ಪಾಲುಪಟ್ಟಿ ಅಂತಲೋ ಹೇಳುತ್ತೇವೆ. ಮಲಯಾಳದವರು ಭಾಗಪತ್ರ ಅನ್ನುತ್ತಾರೆ.

ಈ ವಿಷಯದಲ್ಲಿ ನಮ್ಮ ಊರಿಗೆ ತನ್ನದೇ ಆದ ಚರಿತ್ರೆ ಇದೆ. ಅಳಿಯಸಂತಾನದ ಕುಟುಂಬಗಳಲ್ಲಿ ಆಸ್ತಿ ತಾಯಿಯ ಕಡೆಯಿಂದ ಬರುತ್ತಿತ್ತು, ಎಲ್ಲರೂ ಒಪ್ಪದೆ ಪಾಲು ಕೇಳುವ ಹಾಗಿರಲಿಲ್ಲ. ಆಗ ನಾವು ಮದ್ರಾಸಿಗೆ ಸೇರಿದವರು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದ ಮೇಲೆ ‘ಕವರು’ ಪಾಲು ಕೇಳಬಹುದು ಅಂತಾಯಿತು. ಕವರು ಅಂದರೆ ಒಬ್ಬ ತಾಯಿ, ಅವಳ ಮಕ್ಕಳು, ಹೆಣ್ಣುಮಕ್ಕಳ ಮಕ್ಕಳು, ಹೀಗೆ ಕೆಳಗಿಳಿಯುವ ಕವಲು. ಆಮೇಲೆ ಕೇರಳದ 1975ರ ಕಾನೂನು 1976ರ ಡಿಸೆಂಬರ್ 1ರಿಂದ ಜಾರಿಗೆ ಬಂದು ಹಿಂದೂ ಅವಿಭಕ್ತ ಕುಟುಂಬ ಅನ್ನುವ ವ್ಯವಸ್ಥೆಯನ್ನೇ ತೆಗೆದುಹಾಕಿತು. ಹಳೆಯ ಆಧಾರ ಓದುವಾಗ ಕವರು ಅನ್ನುವ ಪದ ಕಂಡರೆ ಅದನ್ನು ಲಕೋಟೆ ಅಂದುಕೊಳ್ಳಬೇಡಿ. ಹೊಸಬರು ಹಾಗೆ ಓದಿದ್ದನ್ನು ನಾನೇ ನೋಡಿದ್ದೇನೆ. ನಿಮ್ಮ ಅಜ್ಜಿಯ ಹೆಸರು ಅಲ್ಲೇ ಎಲ್ಲೋ ಇರುತ್ತದೆ.

ರೈಲಿನವರು ಪಾಲಕ್ಕಾಡ್ ಡಿವಿಜನ್ ಅನ್ನುತ್ತಾರೆ. ಮಂಗಳೂರು ಕರ್ನಾಟಕದಲ್ಲಿದ್ದರೂ ಹಾಗ್ಯಾಕೆ?

ರೈಲ್ವೆಯ ಭಾಗಗಳು ರಾಜ್ಯದ ಗಡಿ ನೋಡುವುದಿಲ್ಲ, ಹಳಿಯನ್ನು ನೋಡುತ್ತವೆ. ಇಡೀ ರೈಲ್ವೆಯನ್ನು ವಲಯಗಳಾಗಿ, ವಲಯವನ್ನು ಡಿವಿಜನ್‌ಗಳಾಗಿ ಮಾಡಿದ್ದಾರೆ. ನಮ್ಮ ಮಂಜೇಶ್ವರ, ಕುಂಬಳೆ, ಕಾಸರಗೋಡು ಸ್ಟೇಷನ್‌ಗಳು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ಡಿವಿಜನ್‌ಗೆ ಸೇರಿವೆ. ಮಂಗಳೂರು ಸೆಂಟ್ರಲ್ ಕೂಡ. ಈ ಡಿವಿಜನ್ ಶುರುವಾದದ್ದು 1956ರಲ್ಲಿ, ಆಗ ಅದರ ಹೆಸರು ಒಲವಕ್ಕೋಡ್. ಮಂಗಳೂರಿನಿಂದ ಹಾಸನದ ಕಡೆ ಘಟ್ಟ ಹತ್ತುವ ದಾರಿ ಮೈಸೂರು ಡಿವಿಜನ್. ತೋಕೂರಿನಿಂದ ಉತ್ತರಕ್ಕೆ ಕೊಂಕಣ ರೈಲ್ವೆ. ಒಂದೇ ಊರಿನ ಸುತ್ತ ಮೂವರು. ಮಂಗಳೂರಿನವರು ಇದರ ಬಗ್ಗೆ ಗೊಣಗುತ್ತಾರೆ, ಅದರಲ್ಲಿ ನ್ಯಾಯ ಇದೆ ಅಂತ ನನಗೂ ಅನಿಸುತ್ತದೆ. ನೀವು ಸ್ಟೇಷನ್ನಿನ ಬಗ್ಗೆ ದೂರು ಬರೆಯುವುದಾದರೆ ಯಾವ ಡಿವಿಜನ್ ಅಂತ ನೋಡಿ ಬರೆಯಿರಿ. ಇಲ್ಲದಿದ್ದರೆ ಕಾಗದ ಸುತ್ತುತ್ತಾ ಇರುತ್ತದೆ.

‘ಡಿವಿಜನ್ ಬೆಂಚ್’ ಅಂದರೆ ಜಡ್ಜುಗಳ ನಡುವೆ ಜಗಳವಾಯಿತು ಅಂತಲಾ?

ಅಯ್ಯೋ, ಅಲ್ಲ. ಪೇಪರ್ ಓದಿ ತುಂಬಾ ಜನ ಹಾಗೇ ತಿಳಿದುಕೊಂಡಿದ್ದಾರೆ. ಹೈಕೋರ್ಟಿನ ಇಬ್ಬರು ಜಡ್ಜುಗಳು ಒಟ್ಟಿಗೆ ಕೂತು ಕೇಸು ಕೇಳಿದರೆ ಅದು ಡಿವಿಜನ್ ಬೆಂಚ್. ಕನ್ನಡ ಪತ್ರಿಕೆಗಳಲ್ಲಿ ‘ವಿಭಾಗೀಯ ಪೀಠ’ ಅಂತ ಬರುತ್ತದೆ. ಭಾಗ ಆಗಿರುವುದು ಅಭಿಪ್ರಾಯ ಅಲ್ಲ, ಕೋರ್ಟು. ಅಷ್ಟು ಜನ ಜಡ್ಜುಗಳು ಒಟ್ಟಿಗೆ ಕೂರಲು ಆಗುವುದಿಲ್ಲ, ಅದಕ್ಕೆ ಸಣ್ಣ ಸಣ್ಣ ಗುಂಪಾಗಿ ಕೂರುತ್ತಾರೆ. ಒಬ್ಬರೇ ಕೂತರೆ ಸಿಂಗಲ್ ಬೆಂಚ್. ನಮ್ಮ ಹೈಕೋರ್ಟು ಎರ್ನಾಕುಳದಲ್ಲಿದೆ. ಅಲ್ಲಿ ಸಿಂಗಲ್ ಬೆಂಚಿನ ತೀರ್ಪು ಸರಿಯಿಲ್ಲ ಅನಿಸಿದರೆ ಹಲವು ಬಗೆಯ ಕೇಸುಗಳಲ್ಲಿ ಡಿವಿಜನ್ ಬೆಂಚಿಗೆ ಅಪೀಲು ಹಾಕಬಹುದು. ಇಬ್ಬರು ಜಡ್ಜುಗಳ ಅಭಿಪ್ರಾಯ ನಿಜವಾಗಿಯೂ ಬೇರೆಯಾದರೆ ಅದು ಭಿನ್ನ ತೀರ್ಪು, ಅದರ ಕಥೆ ಬೇರೆ.

ಎಲ್‌ಡಿ ಕ್ಲರ್ಕ್, ಎಫ್‌ಡಿಎ, ಎಸ್‌ಡಿಎ ಇದರಲ್ಲೆಲ್ಲ ‘ಡಿ’ ಅಂದರೆ?

ಅದೂ ಡಿವಿಜನ್ನೇ. ಆದರೆ ಇಲ್ಲಿ ಜಾಗ ಭಾಗ ಆಗಿಲ್ಲ, ಕೆಲಸದ ಮೆಟ್ಟಿಲು ಭಾಗ ಆಗಿದೆ. ಕೇರಳದಲ್ಲಿ ಲೋವರ್ ಡಿವಿಜನ್, ಅಪ್ಪರ್ ಡಿವಿಜನ್. ಕರ್ನಾಟಕದಲ್ಲಿ ಫಸ್ಟ್ ಡಿವಿಜನ್, ಸೆಕೆಂಡ್ ಡಿವಿಜನ್. ಕನ್ನಡದಲ್ಲಿ ಎಷ್ಟು ಚೆಂದಕ್ಕೆ ಹೇಳಿದ್ದಾರೆ ನೋಡಿ: ಪ್ರಥಮ ದರ್ಜೆ ಸಹಾಯಕ, ದ್ವಿತೀಯ ದರ್ಜೆ ಸಹಾಯಕ. ಅದನ್ನು ಯಾರೂ ‘ಪ್ರಥಮ ವಿಭಾಗ’ ಅಂತ ಮಾಡಲಿಲ್ಲ. ಅರ್ಥ ನೋಡಿ ಪದ ಆರಿಸಿದರೆ ಹೀಗೆ ಬರುತ್ತದೆ. ನಮ್ಮ ಜಿಲ್ಲೆಗೆ ಕನ್ನಡವೂ ಮಲಯಾಳವೂ ಬರುವ ಕ್ಲರ್ಕುಗಳಿಗೆ ಅಂತಲೇ ಪಿಎಸ್‌ಸಿ ಬೇರೆ ಪರೀಕ್ಷೆ ಕರೆಯುತ್ತದೆ. ಕನ್ನಡ ಮೀಡಿಯಂ ಓದಿದ ಮಕ್ಕಳು ಅದನ್ನು ಬಿಡಬಾರದು.

ಮಾರ್ಕಿನಲ್ಲಿ ಫಸ್ಟ್ ಡಿವಿಜನ್?

ಅದು ನಮ್ಮ ಫಸ್ಟ್ ಕ್ಲಾಸ್. ಸಾಮಾನ್ಯವಾಗಿ 60 ಶೇಕಡ ಅಥವಾ ಜಾಸ್ತಿ. ಉತ್ತರ ಭಾರತದ ಕಡೆಯ ಅರ್ಜಿಗಳಲ್ಲಿ ಕೇಳುತ್ತಾರೆ. ಕೇರಳದ ಎಸ್‌ಎಸ್‌ಎಲ್‌ಸಿಯಲ್ಲಿ 2005ರಿಂದ ಗ್ರೇಡು ಮಾತ್ರ ಇರುವುದರಿಂದ ಮಕ್ಕಳಿಗೆ ಇದು ಗೊತ್ತೇ ಇರುವುದಿಲ್ಲ. ಕಾಲಂ ಇದ್ದರೆ ಗ್ರೇಡನ್ನೇ ಬರೆಯಿರಿ. ಫುಟ್‌ಬಾಲ್, ಕ್ರಿಕೆಟ್ ಲೀಗಿನ ಎ ಡಿವಿಜನ್, ಬಿ ಡಿವಿಜನ್ ಕೂಡ ಇದೇ ತರ ದರ್ಜೆ.

ಲೆಕ್ಕದ ಡಿವಿಜನ್ ಮಗನಿಗೆ ತಲೆಗೆ ಹೋಗುವುದಿಲ್ಲ. ಹೇಗೆ ಹೇಳಿಕೊಡಲಿ?

ಈ ಪ್ರಶ್ನೆ ಬಂದರೆ ನನಗೆ ಖುಷಿ. ಹಪ್ಪಳ ತೆಗೆದುಕೊಳ್ಳಿ, ಹಲಸಿನ ಹಪ್ಪಳ. 24 ಎಣಿಸಿ. ಈಗ ಮಗುವಿಗೆ ಹೇಳಿ, ಮನೆಯಲ್ಲಿ ಆರು ಜನ, ಎಲ್ಲರಿಗೂ ಸಮವಾಗಿ ಹಂಚು. ಅದು ಒಂದೊಂದೇ ಹಾಕುತ್ತಾ ಹೋಗಿ ಒಬ್ಬರಿಗೆ ನಾಲ್ಕು ಅಂತ ಹೇಳುತ್ತದೆ. ಇನ್ನು ಎಲ್ಲವನ್ನೂ ಕೂಡಿಸಿ, ಆರಾರು ಹಪ್ಪಳದ ಕಟ್ಟು ಮಾಡು ಅನ್ನಿ. ನಾಲ್ಕು ಕಟ್ಟಾಗುತ್ತದೆ. ಉತ್ತರ ಎರಡೂ ಸಲ ನಾಲ್ಕೇ. ಆದರೆ ಕೈ ಮಾಡಿದ ಕೆಲಸ ಬೇರೆ. ಮೊದಲು ಹಂಚಿದ್ದು, ಆಮೇಲೆ ಕಟ್ಟಿದ್ದು. ಮಕ್ಕಳು ಎಡವುವುದು ಇಲ್ಲಿ. ನಾವು ಒಂದನ್ನೇ ಹೇಳಿಕೊಟ್ಟು ಪುಸ್ತಕದಲ್ಲಿ ಇನ್ನೊಂದನ್ನು ಕೇಳುತ್ತೇವೆ. ಎರಡನ್ನೂ ಕೈಯಲ್ಲಿ ಮಾಡಿಸಿ. 25ನೇ ಹಪ್ಪಳ ಒಂದು ಸೇರಿಸಿದರೆ ಶೇಷ ಏನು ಅಂತ ಹೇಳಿಕೊಡುವುದೇ ಬೇಡ, ಅದೇ ಉಳಿದ ಹಪ್ಪಳವನ್ನು ನೋಡುತ್ತಾ ಕೂರುತ್ತದೆ.

ಸೊನ್ನೆಯಿಂದ ಭಾಗಿಸಬಾರದು ಅನ್ನುವುದೂ ಇದರಲ್ಲೇ ತಿಳಿಯುತ್ತದೆ. 24 ಹಪ್ಪಳವನ್ನು ಸೊನ್ನೆ ಸೊನ್ನೆಯಾಗಿ ಕಟ್ಟು ಅಂದರೆ ಎಷ್ಟು ಕಟ್ಟಿದರೂ ಹಪ್ಪಳ ಮುಗಿಯುವುದಿಲ್ಲ.

ಅಡ್ಡಗೆರೆಗೆ ಮೇಲೊಂದು ಕೆಳಗೊಂದು ಚುಕ್ಕಿ ಇಡುವ ಗುರುತನ್ನು ಭಾಗಾಕಾರಕ್ಕೆ ಮೊದಲು ಅಚ್ಚಿನಲ್ಲಿ ಬಳಸಿದ್ದು ಸ್ವಿಜರ್ಲೆಂಡಿನ ಯೋಹಾನ್ ರಾನ್, 1659ರಲ್ಲಿ.

ಮಲಯಾಳದಲ್ಲಿ ಇದಕ್ಕೆ ‘ಹರಣ’ ಅನ್ನುತ್ತಾರಂತೆ. ಮಕ್ಕಳಿಗೆ ಗೊಂದಲ ಆಗುವುದಿಲ್ವಾ?

ಆಗುತ್ತದೆ. ನಾಲ್ಕನೇ ಕ್ಲಾಸಿನ ಒಬ್ಬಳು ಅಕ್ಕನ ಮಲಯಾಳ ಪುಸ್ತಕ ನೋಡಿ ಬಂದು ಕೇಳಿದ್ದಳು, “ಟೀಚರೇ, ಸೀತಾಪಹರಣದ ಹರಣವಾ?” ಅಂತ. ನಾನು ಆ ದಿನ ಅಲ್ಲ ಅಂದೆ. ಮನೆಗೆ ಬಂದು ನಿಘಂಟು ನೋಡಿದರೆ ಅವಳು ಹೇಳಿದ್ದೇ ಸರಿ. ಎರಡಕ್ಕೂ ಮೂಲ ಒಂದೇ, ಒಯ್ಯುವುದು, ತೆಗೆಯುವುದು ಅನ್ನುವ ಅರ್ಥದ ಸಂಸ್ಕೃತ ಧಾತು. ಹಳೆಯ ಸಂಸ್ಕೃತ ಗಣಿತದಲ್ಲಿ ಇದಕ್ಕೆ ‘ಭಾಗಹಾರ’ ಅಂತ ಹೆಸರು. ನಮ್ಮಲ್ಲಿ ಹಿರಿಯರು ಈಗಲೂ ಭಾಗಾಹಾರ ಅನ್ನುತ್ತಾರೆ, ಶಾಲೆಯಲ್ಲಿ ಭಾಗಾಕಾರ. ಮಲಯಾಳದವರು ಉಳಿಸಿಕೊಂಡದ್ದು ಹರಣ. ಒಂದೇ ಪದದ ಮುಂದಿನ ತುದಿ ನಮ್ಮ ಕೈಯಲ್ಲಿ, ಹಿಂದಿನ ತುದಿ ಅವರ ಕೈಯಲ್ಲಿ. ಮರುದಿನ ಕ್ಲಾಸಿನಲ್ಲಿ ಅವಳನ್ನು ನಿಲ್ಲಿಸಿ ಎಲ್ಲರಿಗೂ ಇದನ್ನು ಹೇಳಿದೆ. ಅವಳ ಮುಖ ಆಗ ನೋಡಬೇಕಿತ್ತು.

ಪಾರ್ಲಿಮೆಂಟಿನಲ್ಲಿ ‘ಡಿವಿಜನ್ ಕೇಳಿದರು’ ಅಂತ ಸುದ್ದಿ ಬರುತ್ತದೆ?

ಅಂದರೆ ಎಣಿಸಿ ನೋಡಿ ಅಂತ ಕೇಳಿದರು. ಮೊದಲು ‘ಹೌದು’ ಅನ್ನುವವರು, ‘ಇಲ್ಲ’ ಅನ್ನುವವರು ಬಾಯಲ್ಲಿ ಕೂಗುತ್ತಾರೆ. ಅದು ಸಾಲದು ಅಂತ ಯಾರಾದರೂ ಹೇಳಿದರೆ ಓಟು ಎಣಿಸಬೇಕು. ಲೋಕಸಭೆಯಲ್ಲಿ ಆಗ ಮೂರೂವರೆ ನಿಮಿಷ ಗಂಟೆ ಬಾರಿಸುತ್ತಾರೆ, ಹೊರಗಿದ್ದ ಸದಸ್ಯರು ಒಳಗೆ ಬರಲಿ ಅಂತ. ಇಂಗ್ಲೆಂಡಿನ ಸಂಸತ್ತಿನಲ್ಲಿ ಸದಸ್ಯರು ಎದ್ದು ಎರಡು ಬೇರೆ ಬೇರೆ ಲಾಬಿಗೆ ನಡೆದು ಹೋಗುತ್ತಾರೆ, ಹೆಸರು ಬಂದದ್ದು ಹಾಗೆ.

ಸೈನ್ಯ, ಜೀವಶಾಸ್ತ್ರ, ಸಿಪಿಸಿಆರ್‌ಐ?

ಬೇಗ ಹೇಳಿಬಿಡುತ್ತೇನೆ. ಸೈನ್ಯದ ಡಿವಿಜನ್ ಅಂದರೆ ಸುಮಾರು ಹತ್ತು ಹದಿನೈದು ಸಾವಿರ ಸೈನಿಕರ ದೊಡ್ಡ ಪಡೆ, ಮೇಜರ್ ಜನರಲ್ ಅದರ ಮುಖ್ಯಸ್ಥರು. ಸೆಲ್ ಡಿವಿಜನ್ ಅಂದರೆ ಕೋಶ ವಿಭಜನೆ, ಒಂದು ಕೋಶ ಎರಡಾಗುವುದು. ಕೂಡ್ಲಿನ ಸಿಪಿಸಿಆರ್‌ಐ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಲ್ಲಿ ಡಿವಿಜನ್ ಅಂದರೆ ಕೆಲಸದ ವಿಭಾಗ. ತೆಂಗಿನ ತಳಿಯ ಬಗ್ಗೆ ಕೇಳುವುದಾದರೆ ಬೆಳೆ ಸುಧಾರಣೆಯವರು, ಅಡಿಕೆಗೆ ರೋಗ ಬಂದಿದ್ದರೆ ಬೆಳೆ ಸಂರಕ್ಷಣೆಯವರು.

1956ರಲ್ಲಿ ನಮ್ಮನ್ನು ಕೇರಳಕ್ಕೆ ಸೇರಿಸಿದ್ದಕ್ಕೆ ಯಾವ ಪದ?

ಪುಸ್ತಕದಲ್ಲಿ ‘ಭಾಷಾವಾರು ಪ್ರಾಂತ ವಿಂಗಡಣೆ’ ಅಂತ ಬರೆಯುತ್ತಾರೆ. ವಿಂಗಡಿಸುವುದು ಅಂದರೆ ಅಡಿಕೆ ಸುಲಿದ ಮೇಲೆ ಒಳ್ಳೆಯದು, ಪಟೋರ, ಕರಿಗೋಟು ಅಂತ ಬೇರೆ ಬೇರೆ ರಾಶಿ ಮಾಡುವುದು, ಯಾವುದು ಎಲ್ಲಿಗೆ ಸೇರಬೇಕೋ ಅಲ್ಲಿಗೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯಿಂದ ಕಾಸರಗೋಡನ್ನು ತೆಗೆದು ಕೇರಳಕ್ಕೆ ಕೊಟ್ಟರು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಹೇಳಿತು. ಅದು ಜಾರಿಗೆ ಬರಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬಾಳಿದರು, 2015ರಲ್ಲಿ ತೀರಿಕೊಳ್ಳುವ ತನಕ ಇದನ್ನು ಮರೆಯಲಿಲ್ಲ. ನಾನು ಮಲಯಾಳ ಟೀಚರುಗಳ ಜೊತೆ ಒಂದೇ ಕೋಣೆಯಲ್ಲಿ ಊಟ ಮಾಡಿ, ಕಷ್ಟ ಸುಖ ಹಂಚಿಕೊಂಡು ಬದುಕಿದವಳು. ಅವರ ಮೇಲೆ ನನಗೆ ಏನೂ ಇಲ್ಲ. ಆದರೂ ಇದಕ್ಕೆ ವಿಂಗಡಣೆ ಅನ್ನಲು ನನಗೆ ಬಾಯಿ ಬರುವುದಿಲ್ಲ. ನಾನು ‘ತುಂಡಾದದ್ದು’ ಅನ್ನುತ್ತೇನೆ.

ಎಲ್ಲ ಕಡೆ ‘ವಿಭಾಗ’ ಅಂತ ಬರೆದರೆ ಸಾಕಲ್ವಾ?

ಸಾಲದು. ಆಫೀಸಿಗೆ ವಿಭಾಗ, ಕೆಲಸಕ್ಕೆ ದರ್ಜೆ, ಲೆಕ್ಕಕ್ಕೆ ಭಾಗಾಕಾರ, ಆಸ್ತಿಗೆ ಪಾಲು, ಕೋಶಕ್ಕೆ ವಿಭಜನೆ, ಮನಸ್ಸು ಎರಡಾದರೆ ಒಡಕು. ಆದರೆ ಓಟಿನ ಡಿವಿಜನ್ನನ್ನೂ ಶಾಲೆಯ ಡಿವಿಜನ್ನನ್ನೂ ಹಾಗೇ ಬಿಡಿ, ಜನ ಅದನ್ನೇ ಆಡುತ್ತಾರೆ.

ಅರ್ಜಿಯನ್ನು ಕನ್ನಡದಲ್ಲೇ ಕೊಡಬಹುದಾ?

ಕೊಡಬಹುದು. 1969ರ ಕೇರಳ ಅಧಿಕೃತ ಭಾಷಾ ಕಾನೂನಿನಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರು ಸರಕಾರಕ್ಕೆ ತಮ್ಮ ಭಾಷೆಯಲ್ಲೇ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಸಿಗಬೇಕು ಅಂತ ಇದೆ. ಕೌಂಟರಿನಲ್ಲಿ ಬೇಡ ಅಂದರೆ ಸಿಟ್ಟು ಮಾಡಬೇಡಿ, ಈ ಕಾನೂನಿನ ಹೆಸರು ಹೇಳಿ ಕೊಟ್ಟು, ರಶೀದಿ ಕೇಳಿ.

ಜೂನ್ ಶುರುವಾಗಿದೆ. ಮಗುವನ್ನು ಕನ್ನಡ ಡಿವಿಜನ್‌ಗೆ ಸೇರಿಸಲು ಈಗ ಹೋದರೆ ತಡವಾಯ್ತಾ?

ಸೇರಿಸಲು ತಡವಾಗುವುದಿಲ್ಲ, ಯಾವಾಗ ಹೋದರೂ ತೆಗೆದುಕೊಳ್ಳುತ್ತಾರೆ. ಲೆಕ್ಕಕ್ಕೆ ಮಾತ್ರ ತಡವಾಗುತ್ತದೆ. ಆರನೇ ಕೆಲಸದ ದಿನದೊಳಗೆ ಹೆಸರು ಪಟ್ಟಿಯಲ್ಲಿರಬೇಕು, ಆಧಾರ್ ನಂಬರೂ ಹಾಕಿರಬೇಕು. ರಜೆಯ ದಿನ ಬಿಟ್ಟು ಎಣಿಸಿ. ಜನನ ಪ್ರಮಾಣಪತ್ರ ಕೈಯಲ್ಲಿಲ್ಲ, ಚೀಲ ಹೊಲಿಸಿಲ್ಲ, ಮಳೆ ಜೋರಿದೆ ಅಂತ ನಾಳೆಗೆ ಇಡಬೇಡಿ. ನಿಮ್ಮ ಮಗು ಆ 31ನೆಯದ್ದಾಗಿರಬಹುದು. ಮಗುವನ್ನು ಕರೆದುಕೊಂಡು ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಮೊದಲು ಶಾಲೆಗೆ ಹೋಗಿ.